ಸವತಿಯ ಏಣಿ

ಆ ಶನಿವಾರ ಮಧ್ಯಾಹ್ನ ಮೂರೂಕಾಲಿಗೆ, ಜರ್ಮನಿಯ ಆಖೆನ್‌ನ ನಮ್ಮ ಇಗರ್ಜಿಯ ಸಭಾಂಗಣದಲ್ಲಿ ಏಣಿ ಜಾರತೊಡಗಿತು. ಅದರ ತುದಿಯಲ್ಲಿ ನನ್ನ ಗಂಡ ಇದ್ದ.

ಅವನು ಅಲ್ಲಿಗೆ ಹತ್ತಿದ್ದಕ್ಕೇ ನನಗೆ ಹೊಟ್ಟೆಕಿಚ್ಚು. ಹಿಂದೆ ಗಡಿಗಳು ಬದಲಾಗಿ ಊರು ಬೇರೆ ದೊರೆಯ ಪಾಲಾದಾಗ ಇಲ್ಲಿನ ಕ್ಯಾಥೊಲಿಕ್ ಧರ್ಮಪ್ರಾಂತವನ್ನೇ, ಅಂದರೆ ಬಿಷಪರ ಪೀಠವನ್ನೇ, ರದ್ದು ಮಾಡಿದ್ದರಂತೆ. ಊರಿನವರು ತಲೆಮಾರುಗಳ ಕಾಲ ಪಟ್ಟು ಹಿಡಿದು ಅದನ್ನು ಮರಳಿ ಪಡೆದರಂತೆ. ಇಗರ್ಜಿಯ ಹಿರಿಯರು ಆ ಕಥೆಯ ಪ್ರದರ್ಶನ ಸಿದ್ಧಪಡಿಸುತ್ತಿದ್ದರು. ನನ್ನ ಗಂಡ ಅವರೊಡನೆ ಸೇರಿಕೊಂಡ ಮೇಲೆ ನಮಗೆ ಶನಿವಾರವೇ ಇಲ್ಲವಾಯಿತು.

"ಹೊರಟೆಯಾ ನನ್ನ ಸವತಿಯ ಹತ್ರ?" ಎಂದು ಕೇಳುತ್ತಿದ್ದೆ.

"ಸತ್ತು ಬದುಕಿದವಳು ಮಾರಾಯ್ತಿ, ಸ್ವಲ್ಪ ಮರ್ಯಾದೆ ಕೊಡು."

ನಾವು ಬ್ಲೂ ಕಾರ್ಡ್ ಎಂಬ ಕೆಲಸದ ಪರವಾನಗಿಯ ಮೇಲೆ ಬಂದ ವರ್ಷವೇ ಅತ್ತ ನಮ್ಮೂರ ಕಡೆ ಉಡುಪಿಗೆ ಸ್ವಂತ ಧರ್ಮಪ್ರಾಂತವಾಯಿತು. ಆ ಸುದ್ದಿಗೆ ಇವನು "ಹೌದಾ" ಎಂದು ಊಟ ಮುಂದುವರಿಸಿದ್ದ. ಇಲ್ಲಿಯದನ್ನು ಮಾತ್ರ "ಉನ್ಸರ್ ಬಿಸ್ಟುಮ್", ನಮ್ಮ ಧರ್ಮಪ್ರಾಂತ, ಎನ್ನುತ್ತಿದ್ದ. ಆ 'ನಮ್ಮ'ದೊಳಗೆ ನಾನಿರಲಿಲ್ಲ. ಅಂಥದ್ದೇನಿದೆ ಅಲ್ಲಿ ಎಂದು ನೋಡಲೇ ಅಂದು ನಾನೂ ಹೋಗಿದ್ದೆ.

ತಂಡದ ಮುಖ್ಯಸ್ಥರಿಗೆ ಎಂಬತ್ತು ದಾಟಿತ್ತು. ಎಲ್ಲರೂ ಅವರನ್ನು 'ಲೈಟರ್' ಎನ್ನುತ್ತಿದ್ದರು. ಜರ್ಮನ್‌ನಲ್ಲಿ ಏಣಿಯೂ ಲೈಟರೇ: 'ಡೆರ್' ಸೇರಿದರೆ ಮುಖ್ಯಸ್ಥ, 'ಡೀ' ಸೇರಿದರೆ ಏಣಿ. ಆ ಡೆರ್, ಡೀಗಳಲ್ಲಿ ನಾವೆಲ್ಲ ಎಡವಿದವರೇ. ಗಂಡ ಮೇಲೆ ಬಟ್ಟೆಯ ಬ್ಯಾನರ್ ಕಟ್ಟುತ್ತಿದ್ದ. ಕೆಳಗೆ ಅವನ ಸಹೋದ್ಯೋಗಿ, ಮೈಸೂರಿನವನು, ಹಗ್ಗ ಬಿಡಿಸುತ್ತಿದ್ದ. ಏಣಿಯ ಕಾಲು ಕಲ್ಲುನೆಲದ ಮೇಲೆ ಕಿರ್ರೆಂದಿತು. ಒಬ್ಬ ಅಜ್ಜಿ, "ಡೀ ಲೈಟರ್ ಹಿಡಿಯಿರಿ" ಎಂದು ಜರ್ಮನ್‌ನಲ್ಲಿ ಕೂಗಿದರು. ಮೈಸೂರಿನವನು ಹಗ್ಗ ಬಿಸಾಕಿ ಓಡಿಹೋಗಿ ಮುಖ್ಯಸ್ಥರನ್ನು ತಬ್ಬಿ ಹಿಡಿದುಕೊಂಡ.

ಏಣಿ ಬಿತ್ತು. ಗಂಡ ಬ್ಯಾನರಿಗೆ ಜೋತುಬಿದ್ದ. ಅದು ಹರಿಯುತ್ತ ಹರಿಯುತ್ತ ಅವನನ್ನು ಕೆಳಗಿಳಿಸಿ, ಕೊನೆಗೆ ಒಮ್ಮೆಲೆ ಕೈಬಿಟ್ಟಿತು. ಮಣಿಕಟ್ಟು ಮುರಿಯಿತು.

"ಸಾರಿ ಗುರು, ಅವ್ರೇ ಬೀಳ್ತಾವ್ರೆ ಅಂದ್ಕೊಂಡೆ," ಎಂದ ಮೈಸೂರಿನವನು.

ನೆಲದ ಮೇಲೆ ಬಿದ್ದಲ್ಲಿಂದಲೇ ಗಂಡ ಕೇಳಿದ: "ಅವರಿಗೆ ಏನೂ ಆಗ್ಲಿಲ್ಲ ಅಲ್ವಾ?"

ನಾನು ಪಕ್ಕದಲ್ಲೇ ಮಂಡಿಯೂರಿದ್ದೆ. ನನ್ನ ಮುಖ ನೋಡುವ ಮೊದಲು ಅವರನ್ನು ವಿಚಾರಿಸಿದ.

ಆಮೇಲೆ ನಿದ್ದೆ ಬರುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಕಿರ್ರೆನ್ನುವ ಸದ್ದು. ನಾನು ಬೆಚ್ಚಿದರೆ ಅವನಿಗೂ ಎಚ್ಚರ. ಮುಖ್ಯಸ್ಥರು ಸಂಜೆ ಕೇಕ್ ಹಿಡಿದು ಬರುತ್ತಿದ್ದರು. ಇಬ್ಬರೂ ಹರಿದ ಬ್ಯಾನರಿನ ಚಿಂತೆಯಲ್ಲಿ ಮುಳುಗುತ್ತಿದ್ದರು. ಕೊನೆಗೆ ಅದನ್ನು ನಾನೇ ಹೊಲಿದೆ. ಅವನ ಜೀವ ಹಿಡಿದಿಟ್ಟ ಬಟ್ಟೆಯನ್ನು ಇನ್ನೊಬ್ಬರ ಕೈಗೆ ಕೊಡಲು ನನಗೆ ಮನಸ್ಸಾಗಲಿಲ್ಲ.

ಪ್ರದರ್ಶನದ ಹಿಂದಿನ ದಿನ ಮೈಸೂರಿನವನು ಏಣಿ ಹತ್ತಿದ. ಎರಡೂ ಕೈಯಲ್ಲಿ ಅದನ್ನು ಹಿಡಿದು ನಿಂತವಳು ನಾನು.

"ಲೈಟರ್ ಸರಿಯಾಗಿ ಹಿಡ್ಕೊಂಡಿದ್ದೀಯಾ?" ಎಂದ ಗಂಡ.

"ಡೀ ಲೈಟರ್ ಹಿಡ್ಕೊಂಡಿದ್ದೇನೆ. ಡೆರ್ ಅನ್ನು ನೀನೇ ಇಟ್ಕೋ."

ಬ್ಯಾನರ್ ಮೇಲೇರಿತು, ಏಣಿ ಅಲುಗಲಿಲ್ಲ.

ಮರುದಿನ ಎಚ್ಚರವಾದಾಗ ಬಿಸಿಲು ಹಾಸಿಗೆಗೆ ಬಂದಿತ್ತು. ಇಬ್ಬರೂ ನಡುವೆ ಒಮ್ಮೆಯೂ ಏಳದೆ ಮಲಗಿದ್ದೆವು. ಅವನು ಆಗಲೇ ಫೋನಿನಲ್ಲಿ ಯಾರೊಡನೆಯೋ ಜರ್ಮನ್‌ನಲ್ಲಿ ನಗುತ್ತಿದ್ದ. ಸವತಿಯ ಕಡೆಯವರೇ ಇರಬೇಕು.