ಅಕ್ಕನ ಮಾತ್ರೆ, ತಮ್ಮನ ಕಾಲು

ಗೆರ್ಲಿಂಡೆ ಬಿಟ್ಸರ್ ಕುಡಿಯುತ್ತಾಳೆ ಎಂದು ನಾನು ಬಹಳ ದಿನ ನಂಬಿದ್ದೆ. ನಂಬದೆ ಏನು ಮಾಡಲಿ? ಊರಿನ ಬನಿಯನ್ ಗಿರಣಿಯಲ್ಲಿ ಹೊಲಿಗೆ ಕೆಲಸ ಅವಳದು. ಮಧ್ಯಾಹ್ನ ಊಟಕ್ಕೆ ಮನೆಗೆ ಬರುವಾಗ ಸುಣ್ಣ ಬಳಿದ ಗೋಡೆಯ ಹಾಗಿರುತ್ತಿದ್ದಳು. ಊಟ ಮುಗಿಸಿ ಇಳಿಯುವಾಗ ಮುಖ, ಕತ್ತು, ಕಿವಿಯ ತುದಿ ಎಲ್ಲ ಬೀಟ್‌ರೂಟು. ಜರ್ಮನಿಯ ನಮ್ಮ ಶ್ವೇಬಿಯಾ ಸೀಮೆಯಲ್ಲಿ ಚೆರ್ರಿ ಹಣ್ಣಿನ ಸಾರಾಯಿ ಇಲ್ಲದ ಅಡುಗೆಮನೆ ಇಲ್ಲ. ಇನ್ನೇನು ಯೋಚಿಸುವುದಿತ್ತು?

ಮೂರಂತಸ್ತಿನ ಆ ಕಟ್ಟಡದಲ್ಲಿ ಮೇಲೆ ಗೆರ್ಲಿಂಡೆ ಮತ್ತು ಅವಳ ತಮ್ಮ ಎಕಾರ್ಟ್, ನಡುವೆ ನಾನು, ಕೆಳಗೆ ನಿವೃತ್ತ ಮೇಷ್ಟ್ರು ಹೇಗೆಲೆ. ಮೇಷ್ಟ್ರ ಬಾಗಿಲಿನ ಹಿತ್ತಾಳೆ ಫಲಕದಲ್ಲಿ ಹೆಸರಿಗಿಂತ ‘ಡಾಕ್ಟರ್’ ಎಂಬುದೇ ದಪ್ಪಕ್ಷರದಲ್ಲಿತ್ತು. ರೋಮನ್ನರ ಕಾಲದ ಚರಂಡಿಗಳ ಮೇಲೆ ಬರೆದ ಪ್ರಬಂಧಕ್ಕೆ ಸಿಕ್ಕಿದ್ದು ಅದು.

ನಮ್ಮಲ್ಲಿ ವಾರಕ್ಕೊಂದು ಮನೆಯವರು ಮೆಟ್ಟಿಲು ಗುಡಿಸಿ ಒರೆಸಬೇಕು. ಸರದಿ ಬಂದವರ ಬಾಗಿಲಿಗೆ ಮರದ ಹಲಗೆಯೊಂದು ತೂಗುತ್ತದೆ. ದೇವರಿಂದ ತಪ್ಪಿಸಿಕೊಂಡವರು ಇದ್ದಾರೆ, ಹಲಗೆಯಿಂದ ತಪ್ಪಿಸಿಕೊಂಡವರಿಲ್ಲ. ಮೇಲಿನ ಮನೆಯ ಸರದಿ ಎಕಾರ್ಟನದೇ. ಗಡಿಯಾರ ರಿಪೇರಿ ಮಾಡುತ್ತಿದ್ದ ಅವನಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಬಂದಿತ್ತು. ನರಗಳ ಹೊದಿಕೆಯನ್ನು ಮೈಯೇ ಶತ್ರು ಅಂದುಕೊಂಡು ಕಡಿಯುವ ಕಾಯಿಲೆ. ಮೊದಲು ಬೆರಳುಗಳ ಸೂಕ್ಷ್ಮ ಹಿಡಿತ ಹೋಯಿತು, ಅಂಗಡಿ ಮುಚ್ಚಿತು. ಒಂದೊಂದು ಸಲ ಕಾಯಿಲೆ ಕೆರಳಿದಾಗಲೂ ಕಾಲಿನ ಒಂದಿಷ್ಟು ಶಕ್ತಿ ತೆಗೆದುಕೊಂಡು ಹೋಗುತ್ತಿತ್ತು.

“ಬಿಡೋ, ನಾನು ಒರೆಸ್ತೀನಿ” ಎಂದು ಗೆರ್ಲಿಂಡೆ ಅನ್ನುವುದು, “ಅಕ್ಕ, ಬಕೆಟ್ ಮುಟ್ಟಿದ್ರೆ ನೋಡು!” ಎಂದು ಅವನು ಗದರುವುದು ನನ್ನ ಮನೆಗೆ ಕೇಳುತ್ತಿತ್ತು. ಆಮೇಲೆ ಕೂತು, ಕುಂಡೆಯ ಮೇಲೇ ಜಾರುತ್ತ, ಮೆಟ್ಟಿಲು ಮೆಟ್ಟಿಲಾಗಿ ಒರೆಸಿಕೊಂಡು ಇಳಿಯುತ್ತಿದ್ದ.

ಅಷ್ಟರಲ್ಲಿ ಅವನ ಮುಖವೂ ಕೆಂಪಾಗತೊಡಗಿತು.

“ನೋಡಿದ್ರಾ?” ಮೇಷ್ಟ್ರು ನನ್ನನ್ನು ತಡೆದು ನಿಲ್ಲಿಸಿದರು. “ಈಗ ತಮ್ಮನೂ ಶುರು ಹಚ್ಕೊಂಡ. ಕೂತ್ಕೊಂಡು ಒರೆಸೋದು ಯಾಕೆ ಅಂತೀರಿ? ನಿಲ್ಲೋಕೆ ಆದ್ರೆ ತಾನೆ! ಮೂಲೇಲಿ ಧೂಳು ಹಂಗೇ ಇದೆ.”

ನಾನು ಗಂಭೀರವಾಗಿ ತಲೆಯಾಡಿಸಿದೆ. ನೆರೆಹೊರೆ ಅಂದಮೇಲೆ ಅಷ್ಟಾದರೂ ಬೇಡವೇ.

ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಒಂದು ಶನಿವಾರ ಗೆರ್ಲಿಂಡೆ ಅಂಗಿಯ ತೋಳು ಮೇಲಕ್ಕೆ ಮಡಚಿ ನಿಂತಿದ್ದಳು. ಮೊಣಕೈಯಿಂದ ಮಣಿಕಟ್ಟಿನವರೆಗೆ ಬೆಳ್ಳನೆಯ ಹೊಪ್ಪಳೆ, ನಡುನಡುವೆ ರಕ್ತದ ಬಿರುಕು.

“ಏನಮ್ಮ ಇದು, ಸುಟ್ಕೊಂಡ್ರಾ?”

“ಸೋರಿಯಾಸಿಸ್ಸು. ಹುಡುಗಿ ಆಗಿದ್ದಾಗ್ಲಿಂದ ಇದೆ. ಮಾತ್ರೆ ತಗೊಂಡ್ರೆ ಅಡಗಿರತ್ತೆ. ಮುಖ ಮಾತ್ರ ಸ್ವಲ್ಪ ಹೊತ್ತು ಕೆಂಡ ಆಗತ್ತೆ.”

“ಓ!”

“ಹೂಂ, ಓ. ಸಾರಾಯಿ ಅಂದ್ಕೊಂಡಿದ್ರಿ, ಗೊತ್ತು. ಮೆಟ್ಟಿಲಲ್ಲಿ ಆಡಿದ ಮಾತು ಮೇಲಕ್ಕೆ ಚೆನ್ನಾಗಿ ಕೇಳತ್ತೆ.”

“ಮಾತ್ರೆ ಇದ್ರೂ ಈಗ್ಯಾಕೆ ಹಿಂಗಾಯ್ತು?”

“ಅರ್ಧ ಅವನಿಗೆ ಕೊಡ್ತಿದೀನಲ್ಲ.”

ಚರ್ಮದ ಡಾಕ್ಟರ ಬಳಿ ಸರದಿಗೆ ಕಾಯುವಾಗ ಎರಡೂ ಕಾಯಿಲೆಯಿದ್ದ ಹೆಂಗಸೊಬ್ಬಳು ಪಕ್ಕದಲ್ಲಿ ಕೂತಿದ್ದಳಂತೆ. ಈ ಮಾತ್ರೆ ಶುರುವಾದ ಮೇಲೆ ನರದ ಕಾಯಿಲೆಯೂ ಕೆರಳಿಲ್ಲ ಎಂದಳಂತೆ. ಗೆರ್ಲಿಂಡೆ ತಮ್ಮನ ನರರೋಗ ತಜ್ಞರನ್ನು ಕೇಳಿದಳು. ಆ ಸುದ್ದಿ ನಮ್ಮ ಕಿವಿಗೂ ಬಿದ್ದಿದೆ, ರೋಗಿಗಳಿಗೆ ಕೊಟ್ಟು ನೋಡುತ್ತಿದ್ದಾರೆ, ಫಲಿತಾಂಶ ಬರುವವರೆಗೆ ಬರೆದುಕೊಡಲಾಗದು ಎಂದರು ಅವರು.

“ಕಾಯಿರಿ ಅಂದ್ರು” ಎಂದು ಗೆರ್ಲಿಂಡೆ ಹೊದಿಕೆ ಹಿಂಡಿದಳು. “ಅವನ ಕಾಲಿಗೆ ನೀವು ಹೇಳಿ ಬರ್ತೀರಾ, ಸ್ವಲ್ಪ ಕಾಯಪ್ಪ ಅಂತ?”

ಆ ಬೇಸಗೆಯಲ್ಲಿ ಎಕಾರ್ಟ್ ಎದ್ದು ನಿಂತ. ಕಟಕಟೆ ಹಿಡಿದು, ಒಂದೇ ಕೈಯಲ್ಲಿ ಒರೆಸುತ್ತ, ನಿಂತುಕೊಂಡೇ ಕೆಳಗಿನವರೆಗೆ ಬಂದ. “ಏನ್ರೀ ಬಾಯಿ ಬಿಟ್ಕೊಂಡು ನೋಡ್ತೀರಾ? ಬೂಟು ತೆಗೀರಿ, ಒದ್ದೆ ಇದೆ!” ಎಂದು ನನ್ನನ್ನು ಬೈದ. ಬೈಗುಳ ಅಷ್ಟು ಹಿತವಾದದ್ದು ನನಗೆ ಅದೊಂದೇ ಸಲ. ಮೇಲೆ ಗೆರ್ಲಿಂಡೆ ತೋಳು ಕೆರೆದುಕೊಳ್ಳುತ್ತ ನೋಡುತ್ತಿದ್ದಳು.

ಮಾತ್ರೆಯ ಗುಣವೋ, ಕಾಯಿಲೆ ತಾನಾಗಿಯೇ ಕೊಟ್ಟ ಬಿಡುವೋ, ಹೇಳಬಲ್ಲವರು ಯಾರೂ ಇರಲಿಲ್ಲ. ಗೆರ್ಲಿಂಡೆಗೆ ಅನುಮಾನವಿರಲಿಲ್ಲ. ಅರ್ಧ ಹೋಗಿ ಮುಕ್ಕಾಲಾಯಿತು, ಆಮೇಲೆ ಎಲ್ಲವೂ ಅವನಿಗೇ. ಗಿರಣಿಯಲ್ಲಿ ಬಿಳಿ ಬನಿಯನ್ನುಗಳ ಮೇಲೆ ರಕ್ತದ ಚುಕ್ಕೆ ಕಂಡಿತೆಂದು ಅವಳನ್ನು ಹೊಲಿಗೆಯಿಂದ ತೆಗೆದು ಪೆಟ್ಟಿಗೆ ಕಟ್ಟಲು ಹಾಕಿದರು. “ಒಳ್ಳೇದೇ ಆಯ್ತು, ಕಣ್ಣಿಗೆ ಆರಾಮ” ಎಂದಳು. ತಲೆಯ ಹೊಟ್ಟು ಹೆಗಲ ಮೇಲೆ ಉದುರುತ್ತಿತ್ತು. ಬಸ್ಸಿನಲ್ಲಿ ಅವಳ ಪಕ್ಕದ ಸೀಟು ಖಾಲಿಯಿರುತ್ತಿತ್ತು.

ಚಳಿಗಾಲದಲ್ಲಿ ಎಕಾರ್ಟನಿಗೆ ಕೆಮ್ಮು ಹತ್ತಿ ಜ್ವರ ಏರಿತು. ಆಸ್ಪತ್ರೆಗೆ ನನ್ನ ಕಾರಿನಲ್ಲೇ ಹೋದೆವು. ಕಿರಿಯ ಡಾಕ್ಟರೊಬ್ಬಳು ರಕ್ತದ ವರದಿ ನೋಡಿದಳು, ಅವನನ್ನು ನೋಡಿದಳು, ಮತ್ತೆ ವರದಿ ನೋಡಿದಳು.

“ಸೋಂಕಿನ ಜೊತೆ ಹೋರಾಡೋ ಬಿಳಿ ಕಣಗಳೇ ಇಲ್ವಲ್ಲ ಇವರಲ್ಲಿ! ಏನು ಕೊಡ್ತಿದ್ರಿ?”

ಗೆರ್ಲಿಂಡೆ ಚೀಲದಿಂದ ಮಾತ್ರೆಯ ಪೆಟ್ಟಿಗೆ ತೆಗೆದು ಮೇಜಿನ ಮೇಲಿಟ್ಟಳು. ಡಾಕ್ಟರ್ ಅದರ ಮೇಲಿದ್ದ ಮದ್ದಿನ ಹೆಸರು ಓದಿ ವರದಿಯ ಅಂಚಿನಲ್ಲಿ ಬರೆದುಕೊಂಡಳು. ಬೈದಿದ್ದರೆ ಚೆನ್ನಾಗಿತ್ತು.

ಶ್ವಾಸಕೋಶದ ತುಂಬ ಸೋಂಕು ಹರಡಿ ಎಕಾರ್ಟ್ ಹೋದ. ಕಾಲು ಕೊನೆಯವರೆಗೂ ಆಡುತ್ತಿತ್ತು. ಮಣ್ಣು ಮಾಡಿ ಬಂದ ಮೇಲೆ ಊಟಕ್ಕೆ ಮೊದಲು ಮೇಷ್ಟ್ರು ಎದ್ದು ನಿಂತು ಲ್ಯಾಟಿನ್ನಿನಲ್ಲಿ ಮಾತಾಡಿದರು. ಅರ್ಥವಾದದ್ದು ಅವರೊಬ್ಬರಿಗೇ ಆದ್ದರಿಂದ ಅವರೊಬ್ಬರೇ ಅತ್ತರು.

ಕೆಲವು ವರ್ಷಗಳ ಮೇಲೆ ಅದೇ ಮದ್ದು ಬೇರೆ ಹೆಸರು ಹೊತ್ತು ಎಕಾರ್ಟನ ಕಾಯಿಲೆಗೂ ಬಂತು. ಮೇಷ್ಟ್ರು ಪತ್ರಿಕೆ ಹಿಡಿದು ಮೇಲಿನ ಮನೆಗೆ ಹತ್ತಿದರು, ಹಿಂದೆ ನಾನು. ಗೆರ್ಲಿಂಡೆ ಒಬ್ಬಳೇ ಕೂತು ಮಸೂರ ಬೇಳೆಯ ಪಲ್ಯ ತಿನ್ನುತ್ತಿದ್ದಳು. ಮಾತ್ರೆ ಅವಳು ಮತ್ತೆ ಮುಟ್ಟಿರಲಿಲ್ಲ. ತಟ್ಟೆ ಹಿಡಿದ ಬೆರಳುಗಳು ಒಣಗಿದ ಕೆರೆಯಂತೆ ಬಿರುಕು ಬಿಟ್ಟಿದ್ದವು.

“ಗೆರ್ಲಿಂಡಮ್ಮ, ಓದಿ ಇಲ್ಲಿ! ವಿಜ್ಞಾನಿಗಳಿಗಿಂತ ಮುಂಚೆ ನೀವು ಕಂಡುಹಿಡಿದಿದ್ರಿ! ನಾನು ಅವತ್ತೇ ಅಂದ್ಕೊಂಡಿದ್ದೆ. ಹೇಳಿ, ಹೆಮ್ಮೆ ಅನ್ನಿಸ್ತಿಲ್ವಾ?”

ಅವಳು ಪತ್ರಿಕೆಯನ್ನು ಕೊನೆಯವರೆಗೂ ಓದಿ, ಮಡಚಿ ವಾಪಸು ಕೊಟ್ಟಳು.

“ನನಗೆ ಮಾತ್ರೆ ಬರೆಯೋ ಮುಂಚೆ ಪ್ರತಿಸಲ ರಕ್ತದಲ್ಲಿ ಬಿಳಿ ಕಣ ಕಮ್ಮಿ ಆಗಿದ್ಯಾ ಅಂತ ನೋಡ್ತಿದ್ರು ಮೇಷ್ಟ್ರೇ. ಅವನದ್ದು ನಾನು ನೋಡಿಸ್ಲಿಲ್ಲ.”