ಹಕಾರದ ಸರದಿ

ತೊಂಬತ್ತೆಂಟರಲ್ಲಿ ನಮ್ಮೂರ ಹಾಲಿನ ಡೈರಿಗೆ ಕಂಪ್ಯೂಟರ್ ಬಂತು, ಅದರ ಹಿಂದೆಯೇ ಆಪರೇಟರ್ ನಿಂಗರಾಜು ಬಂದ. ಎಕ್ಸೆಲ್‌ನಲ್ಲಿ ಅವನು ಒಂದು ಗುಂಡಿ ಒತ್ತಿದರೆ ಇಡೀ ಊರು ಅಕಾರಾದಿಯಲ್ಲಿ ಸಾಲಾಗಿ ನಿಲ್ಲುತ್ತದೆ. ‘ತಡೀರಿ, ಸಾರ್ಟ್ ಮಾಡ್ಬುಡ್ತೀನಿ’ ಎನ್ನುವುದೇ ಅವನ ನಮಸ್ಕಾರ. ಮದುವೆ ಊಟದಲ್ಲೂ ಅವನು ತಿನ್ನುವುದು ಮೊದಲು ಅನ್ನ, ಆಮೇಲೆ ಉಪ್ಪಿನಕಾಯಿ, ಕೋಸಂಬರಿ, ಪಲ್ಯ. ಎಷ್ಟೇ ಮೆತ್ತಗಾದರೂ ಹಪ್ಪಳ ಕೊನೆಗೇ. ದನಗಳಿಗೆ ಕಾಲುಬಾಯಿ ಲಸಿಕೆ ಹಾಕುವ ದಿನವಂತೂ ಒಡೆಯರ ಹೆಸರಿನ ಪ್ರಕಾರ ಹಸುಗಳೂ ಅಕಾರಾದಿಯಲ್ಲೇ ನಿಲ್ಲಬೇಕು. ನಮ್ಮೂರ ಬಾಯಿಗೂ ಹಕಾರಕ್ಕೂ ಮೊದಲಿನಿಂದ ಎಣ್ಣೆ ಸೀಗೆಕಾಯಿ. ಅದನ್ನೇ ಹಿಡಿದು ಹನುಮೇಗೌಡರು ಒಂದು ಲಸಿಕೆಯ ದಿನ, ‘ಅನುಮೇಗೌಡ ಅಂತ್ಲೇ ಬರ್ಕಳಪ್ಪ, ಎಲ್ರೂ ಅಂಗೇ ಅಲ್ವಾ ಕರ್ಯೋದು?’ ಎಂದು ಸಾಲಿನ ತಲೆಗೆ ಬರಲು ನೋಡಿದರು. ‘ಹ ಅನ್ನಿ ಗೌಡ್ರೇ, ಹ! ಹೋಗಿ ಹಿಂದಕ್ಕೆ’ ಎಂದು ನಿಂಗರಾಜು ಅಟ್ಟಿದ. ಅವನ ತಾಯಿ ಹೊನ್ನಮ್ಮನಿಗೂ ರಿಯಾಯಿತಿಯಿಲ್ಲ, ಆಕೆ ಗೌಡರಿಗಿಂತಲೂ ಹಿಂದೆ. ‘ಎತ್ತವ್ವನ್ನೂ ಬಿಸಿಲಲ್ಲಿ ನಿಲ್ಸಿದೀಯಲ್ಲೋ!’ ಎಂದು ಜನ ಬೈದರು. ಅವನು ಡೈರಿಯಿಂದ ಹೊರಗೆ ಬಂದು, ಅವ್ವನನ್ನು ಬೇವಿನ ನೆರಳಲ್ಲಿ ಕೂರಿಸಿ, ಹಸುವಿನ ಹಗ್ಗ ಹಿಡಿದು ಸಾಲಿನ ಕೊನೆಯಲ್ಲಿ ತಾನೇ ನಿಂತ. ಮಧ್ಯಾಹ್ನ ಡಾಕ್ಟರು ‘ಹೊನ್ನಮ್ಮ!’ ಎಂದು ಕೂಗಿದಾಗ, ಬೆಳಗಿನಿಂದ ಊರಿಗೆಲ್ಲ ಹಕಾರ ತಿದ್ದಿದ್ದವನು ಕೈಯೆತ್ತಿ ಕೂಗಿದ: ‘ಒನ್ನವ್ವನ ಅಸ ಇಲ್ಲೈತೆ, ಸಾ!’