“ಅತ್ತು” ಎಂದು ಕೂಗುತ್ತಿದ್ದ ಅಣ್ಣ

ಮೊನ್ನೆ ಬೆಳಿಗ್ಗೆ ಹಾಸಿಗೆ ಸುತ್ತಿಡುವಾಗ ಮಗಳ ಪಿಂಗ್‌ಪಾಂಗ್ ಚೆಂಡು ಕಾಲಡಿಗೆ ಸಿಕ್ಕಿ ಚಟ್ ಎಂದು ಒಡೆಯಿತು. ಚೂರನ್ನೆತ್ತಿ ಮೂಸಿದೆ. ಕರ್ಪೂರದ ವಾಸನೆ. “ಬೆಳಿಗ್ಗೆ ಬೆಳಿಗ್ಗೆ ಅದೇನ್ರೀ ಮೂಸ್ತಾ ನಿಂತ್ರಿ?” ಅಂದಳು ಹೆಂಡತಿ. ನನಗೆ ನಮ್ಮ ಬೀದಿಯ ಗ್ರಂಧಿಗೆ ಅಂಗಡಿಯ ಅಣ್ಣ ಎದುರಿಗೇ ಬಂದು ನಿಂತ ಹಾಗಾಗಿತ್ತು...

ಸ್ವಾತಂತ್ರ್ಯ ಬಂದು ನಾಲ್ಕೈದು ವರ್ಷವಾಗಿತ್ತೇನೋ. ನಮ್ಮೂರು ಕೊಳ್ಳೇಗಾಲ ಆಗ ಮದರಾಸಿಗೆ ಸೇರಿತ್ತು, ಪಕ್ಕದ ಯಳಂದೂರು ಮೈಸೂರಿಗೆ. ನಮ್ಮ ವಾಚನಾಲಯದ ಹಜಾರದಲ್ಲಿ ಒಂದು ಪಿಂಗ್‌ಪಾಂಗ್ ಮೇಜಿತ್ತು. ಬಡಗಿಯ ಬೆನ್ನು ಹತ್ತಿ ಅದನ್ನು ಮಾಡಿಸಿದವರು ಅಣ್ಣ. ಸಂಜೆ ಬಂದು ನಮಗೆ ಆಟ ಹೇಳಿಕೊಡುತ್ತಿದ್ದರು. ಚೆಂಡು ತಗ್ಗು ಬಿದ್ದರೆ ಬಿಸಿನೀರಿನ ಚೊಂಬಿಗೆ ಹಾಕಿ, ಅದು ಮತ್ತೆ ಉಬ್ಬುವವರೆಗೂ ಪಕ್ಕದಲ್ಲೇ ಕೂತಿರುವರು. ದಿನವಿಡೀ ಕರ್ಪೂರ ಕಟ್ಟಿಕೊಡುತ್ತಿದ್ದ ಅವರ ಬೆರಳಿಗೂ ಆ ಚೆಂಡಿಗೂ ಒಂದೇ ವಾಸನೆ.

ಯಳಂದೂರಿನವರ ಜೊತೆ ವರ್ಷಕ್ಕೊಂದು ಪಂದ್ಯ; ಆಗೆಲ್ಲ ಇಪ್ಪತ್ತೊಂದು ಪಾಯಿಂಟಿಗೆ ಒಂದು ಆಟ. ಮೊದಲ ವರ್ಷ ನಾನು ಹತ್ತು ಪಾಯಿಂಟಿಗೆ ಬಂದಾಗ ಎದುರಾಳಿ ಇನ್ನೂ ಆರರಲ್ಲಿದ್ದ. ನಮ್ಮ ಕಡೆಯವರ ಬಾಯಲ್ಲಿ ‘ಹ’ ನಿಲ್ಲುವುದಿಲ್ಲವಲ್ಲ, ಲೆಕ್ಕ ಹೇಳುತ್ತಿದ್ದವನು “ಅತ್ತು!” ಎಂದು ಕೂಗಿದ. ಕಿಟಕಿಯಲ್ಲಿ ಕೂತಿದ್ದ ಯಳಂದೂರಿನವನೊಬ್ಬ, “ಯಾಕ್ಲಾ ಅತ್ತೆ? ಮದ್ರಾಸ್ ಸರ್ಕಾರ ಕಣ್ಣೊರಸ್ಕಳಕೆ ಬಟ್ಟೆ ಕೊಟ್ಟಿಲ್ವಾ?” ಅಂದುಬಿಟ್ಟ. ಅವನೂ ಹತ್ತಕ್ಕೆ ಅತ್ತು ಅನ್ನುವವನೇ! ಹಜಾರಕ್ಕೆ ಹಜಾರವೇ ನಕ್ಕಿತು. ನನ್ನ ಕಿವಿ ಸುಟ್ಟಂತಾಯಿತು. ಆಮೇಲೆ ಚೆಂಡು ಕಾಣಲಿಲ್ಲ, ನಗು ಮಾತ್ರ ಕೇಳುತ್ತಿತ್ತು. ಸೋತೆ.

ಅಣ್ಣ ಬೈಯಲಿಲ್ಲ. “ಎಲ್ಲಿ ಸೋತೆ?” ಎಂದಷ್ಟೇ ಕೇಳಿದರು.

“ಅತ್ತರಲ್ಲಿ, ಅಣ್ಣ.”

ಮಾರನೆಯ ದಿನದಿಂದ ನಾನು ಅಂಗಡಿ ಮುಂದೆ ಹಾದರೆ ಸಾಕು, ಮೆಣಸು ತೂಗುತ್ತಲೇ “ಅತ್ತು!” ಎಂದು ಕೂಗುವರು. ಗಿರಾಕಿಗಳು ತಿರುಗಿ ನೋಡುವರು. ಸಂಜೆ ನಾನು ಬ್ಯಾಟು ಬೀಸುವ ಹೊತ್ತಿಗೆ ಸರಿಯಾಗಿ ಮತ್ತೆ ಅದೇ ಕೂಗು.

“ಮಾನ ಓಯ್ತದೆ ಅಣ್ಣ,” ಅಂದೆ.

“ಓದ್ರೆ ಓಗ್ಲಿ ಕಣ್ಲಾ. ಚೆಂಡು ಓಗ್ಬಾರ್ದು.”

ಮಳೆಗಾಲ ಕಳೆಯುವಷ್ಟರಲ್ಲಿ ಆ ಮಾತು ನನಗೆ ಕಾಗೆ ಕೂಗಿದಷ್ಟೇ ಆಗಿತ್ತು.

ಎರಡನೆಯ ಪಂದ್ಯದ ದಿನ ಹಜಾರದ ಯಜಮಾನರು ಕಡ್ಡಿ ಮುರಿದಂತೆ ಹೇಳಿದರು: “ಈ ಸಲಾನೂ ಸೋತ್ರೆ ಮೇಜು ಎತ್ತಿಸ್ಬುಟ್ಟು ರೇಷ್ಮೆ ಗೂಡು ಆಕುಸ್ತೀನಿ.” ಅಣ್ಣ ಪಂಚೆಯ ತುದಿಯಿಂದ ಮೇಜಿನ ಅಂಚನ್ನು ಒರೆಸಿದರು.

ಒಂದು ಆಟ ಅವರದಾಯಿತು, ಒಂದು ನಮ್ಮದು. ಮೂರನೆಯದರಲ್ಲಿ ನಾನು ಹತ್ತಕ್ಕೆ ಬಂದೆ. “ಅತ್ತು!” ಕಿಟಕಿಯಿಂದ ಅದೇ ದನಿ: “ಈ ವರ್ಸಾನೂ ಅತ್ತ್ಯಾ?” ಮತ್ತೆ ನಗು. ನನಗೇನೂ ತಾಕಲಿಲ್ಲ. ಚೆಂಡಿನ ಹೊಲಿಗೆಯಂಥ ಗೆರೆ ಕೂಡ ಕಾಣುತ್ತಿತ್ತು. ಹದಿನೈದು, ಹದಿನೆಂಟು... ಇಪ್ಪತ್ತು. ಅವನು ಹತ್ತೊಂಬತ್ತು. ಇನ್ನೊಂದೇ ಪಾಯಿಂಟು.

ಮೇಜು ಉಳಿಯಿತು ಅಂದುಕೊಂಡೆ. ಅಂದುಕೊಂಡು, ಒಂದೇ ಒಂದು ಗಳಿಗೆ, ಅಣ್ಣನ ಮುಖ ನೋಡಿದೆ. ಚೆಂಡು ಬಲೆಗೆ ಬಿತ್ತು, ಇಬ್ಬರದೂ ಇಪ್ಪತ್ತಾಯಿತು. ಮುಂದಿನ ಎರಡೂ ಪಾಯಿಂಟು ಅವನವೇ.

ನಮ್ಮ ಕಣ್ಣೆದುರಿಗೇ ಮೇಜನ್ನು ಹೊರಗೆ ಸಾಗಿಸಿದರು. ಬಾಗಿಲಿಗೆ ಅದರ ಕಾಲು ತಾಗಿದಾಗ ಅಣ್ಣ, “ಮೆಲ್ಗೆ, ಮೆಲ್ಗೆ,” ಅಂದರು. ಮನೆ ಕಡೆ ನಡೆಯುವಾಗ ಕೇಳಿದರು:

“ಅತ್ತರಲ್ಲಿ ಸೋತ್ಯಾ?”

“ಇಲ್ಲ ಅಣ್ಣ. ಇಪ್ಪತ್ತರಲ್ಲಿ.”

“ಅಂಗಾದ್ರೆ ನಾಳಿಂದ ಇಪ್ಪತ್ತು ಕೂಗ್ತೀನಿ.”

“ಮೇಜೇ ಇಲ್ವಲ್ಲ?”

ಮಾರನೆಯ ಸಂಜೆ ಹೋಗಿ ನೋಡಿದರೆ, ಅಣ್ಣ ಅಂಗಡಿ ಬಾಗಿಲಿನ ಹಲಗೆಗಳನ್ನೆಲ್ಲ ಉಪ್ಪಿನ ಮೂಟೆಗಳ ಮೇಲೆ ಸಾಲಾಗಿ ಜೋಡಿಸಿ, ನಡುವೆ ಹಳೆಯ ಟವೆಲು ಕಟ್ಟಿದ್ದರು. ಹಲಗೆಯ ಸಂದಿಗೆ ಬಿದ್ದ ಚೆಂಡು ಎತ್ತೆತ್ತಲೋ ಹಾರುತ್ತಿತ್ತು. ಬ್ಯಾಟೆತ್ತಿದೆ. “ಇಪ್ಪತ್ತು!” ಅಂದರು.

ಅಣ್ಣ ತೀರಿಕೊಂಡು ಬಹಳ ವರ್ಷವಾಯಿತು. ಆ ಹಲಗೆಗಳು ಎಲ್ಲಿ ಹೋದವೋ... ಈಗ ಅಲ್ಲಿ ಕಬ್ಬಿಣದ ಷಟರು. ತರಕಾರಿ ಚೀಲ ಹಿಡಿದು ಅದರ ಮುಂದೆ ಹಾದುಹೋಗುವಾಗ ಇವತ್ತಿಗೂ ನನ್ನ ಹೆಜ್ಜೆ ತಾನಾಗಿ ನಿಧಾನವಾಗುತ್ತದೆ. ಒಳಗಿನಿಂದ ಯಾರೂ ಏನೂ ಕೂಗುವುದಿಲ್ಲ.